ಕಮಿಸೋರಿ ಪುರಾಣ

ಮೊನ್ನೆ ಭಾನುವಾರ ಗದ್ದದ ಮೇಲೆ ಎರಡು ಕಡೆ ಹತ್ತಿ ಅಂಟಿಸಿಕೊಂಡು ಕಾಫಿಗೆ ಬಂದು ಕೂತೆ. "ಏನ್ರೀ, ಇವತ್ತು ಎರಡೇನಾ? ಪರವಾಗಿಲ್ಲ, ಸುಧಾರಿಸಿದೀರ" ಅಂದಳು ನನ್ನಾಕೆ. ಮಗಳು ಮುಸಿಮುಸಿ ನಕ್ಕಳು. ನಾನೂ ನಕ್ಕೆ, ಆದರೆ ಜೋರಾಗಿ ನಕ್ಕರೆ ಗಾಯ ಬಿಟ್ಟುಕೊಳ್ಳುತ್ತೆ ಅಂತ ಅರ್ಧಕ್ಕೇ ನಿಲ್ಲಿಸಿದೆ :-)

ವಿಷಯ ಏನಪ್ಪಾ ಅಂದರೆ, ನಾನು ದಿನಾ ಗಡ್ಡ ಬೋಳಿಸಿಕೊಳ್ಳೋದು ಜಪಾನಿನ ಕ್ಷೌರಕತ್ತಿಯಿಂದ. ಅದರ ಹೆಸರು ಕಮಿಸೋರಿ. 'ಕಮಿ' ಅಂದರೆ ಕೂದಲು, 'ಸೋರಿ' ಅಂದರೆ ಬೋಳಿಸೋದು. ಐದು ಬ್ಲೇಡಿನ ರೇಜರ್ ಸಿಗುವ ಕಾಲದಲ್ಲಿ ಇದೆಂಥಾ ಹುಚ್ಚು ಅಂತ ನೀವೂ ಕೇಳಬಹುದು. ಹುಚ್ಚೇ, ಒಪ್ಪಿಕೊಂಡೆ. ಆದರೆ ಈ ಹುಚ್ಚಿನ ಹಿಂದೆ ಒಂದು ಚರಿತ್ರೆ ಇದೆ. ಅದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ಕೆಲಸದ ಮೇಲೆ ಎರಡು ವರ್ಷ ಒಸಾಕಾದಲ್ಲಿದ್ದೆ. ಪಕ್ಕದಲ್ಲೇ ಸಕಾಯಿ ಅಂತ ಊರು, ಅಡುಗೆಮನೆ ಚಾಕುಗಳಿಗೆ ಹೆಸರುವಾಸಿ. ಒಂದು ಶನಿವಾರ ಅಲ್ಲಿನ ಒಂದು ಹಳೇ ಅಂಗಡಿಗೆ ಹೊಕ್ಕು, ನನ್ನ ಹರಕುಮುರುಕು ಜಪಾನಿಯಲ್ಲಿ "ಕಮಿಸೋರಿ ಇದೆಯಾ?" ಅಂದೆ. ಯಜಮಾನರಿಗೆ ಎಪ್ಪತ್ತು ದಾಟಿರಬೇಕು. ನನ್ನ ಮುಖ ನೋಡಿ, "ನಿಮಗೋ, ಬೇರೆಯವರಿಗೋ?" ಅಂದರು. ಉಡುಗೊರೆ ಕಾಗದ ಸುತ್ತಲು ಕೇಳುತ್ತಿದ್ದಾರೆ ಅಂದುಕೊಂಡು "ನನಗೇ" ಅಂದೆ. ಅವರು ತಲೆ ಕೆರೆದುಕೊಂಡು "ಕಷ್ಟ" ಅಂದರು. ಅವರು ಕೇಳಿದ್ದು ಉಡುಗೊರೆಯ ಮಾತಲ್ಲ, ಈ ಕತ್ತಿ ಯಾರ ಮುಖದ ಮೇಲೆ ಓಡುತ್ತೆ ಅಂತ.

ಯಾಕೆ ಕಷ್ಟ ಅನ್ನೋದು ಆ ಕತ್ತಿಯನ್ನು ಕೈಗೆ ತಗೊಂಡ ಮೇಲೆ ಗೊತ್ತಾಯಿತು. ಇಂಗ್ಲೆಂಡು, ಜರ್ಮನಿಯ ಮಡಚುವ ಕ್ಷೌರಕತ್ತಿಗೆ ಎರಡು ಮುಖವೂ ಒಂದೇ ಥರ. ಎಡಗೆನ್ನೆಗೆ ಒಂದು ಬದಿ, ಬಲಗೆನ್ನೆಗೆ ಇನ್ನೊಂದು ಬದಿ, ಯಾವುದನ್ನು ಒತ್ತಿದರೂ ನಡೆಯುತ್ತೆ. ಕಮಿಸೋರಿ ಹಾಗಲ್ಲ. ಅದು ಮಡಚೋದೂ ಇಲ್ಲ. ಒಂದೇ ತುಂಡು, ಹಿಡಿಗೆ ಬೆತ್ತದ ಸಿಪ್ಪೆ ಸುತ್ತಿರುತ್ತಾರೆ, ಅಲಗಿನ ಉದ್ದ ಸುಮಾರು 5 ಸೆಂಟಿಮೀಟರು. ಒಂದು ಮುಖದಲ್ಲಿ ಹಳ್ಳ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ. ಮೆದು ಕಬ್ಬಿಣಕ್ಕೆ ಗಟ್ಟಿ ಉಕ್ಕನ್ನು ಕುಲುಮೆಯಲ್ಲಿ ಬೆಸೆದು ಬಡಿದಿರುತ್ತಾರೆ. ಕ್ಷೌರಿಕರು ಅದರ ಒಂದೇ ಮುಖವನ್ನು ಚರ್ಮಕ್ಕೆ ತಾಗಿಸಿ ಕೆಲಸ ಮುಗಿಸುತ್ತಾರೆ. ಎಡಗೆನ್ನೆ ಬಂದಾಗ ಕತ್ತಿ ತಿರುಗಿಸೋದಿಲ್ಲ, ತಾವೇ ಆ ಕಡೆಗೆ ಹೋಗುತ್ತಾರೆ ಅಥವಾ ನಮ್ಮ ತಲೆ ತಿರುಗಿಸುತ್ತಾರೆ. ನಮಗೆ ನಾವೇ ಬೋಳಿಸಿಕೊಳ್ಳುವಾಗ ನಮ್ಮ ಸುತ್ತ ನಾವೇ ಸುತ್ತೋಕಾಗುತ್ತಾ? ಕಷ್ಟ ಇರೋದು ಅಲ್ಲೇ.

ಅಂದರೆ ಈ ಕತ್ತಿ ಮುಖ್ಯವಾಗಿ ಇಬ್ಬರಿಗಾಗಿ ಆದದ್ದು: ಹಿಡಿಯೋರು ಒಬ್ಬರು, ತಲೆ ಕೊಡೋರು ಇನ್ನೊಬ್ಬರು. ಯಾಕೆ ಹೀಗೆ ಅಂತ ಹುಡುಕುತ್ತಾ ಹೋದವನು ಸುತ್ತಿ ಸುತ್ತಿ ಬಂದು ನಿಂತದ್ದು ನಮ್ಮ ದೇಶದಲ್ಲೇ.

ಬೌದ್ಧ ಭಿಕ್ಷುಗಳು ಇಟ್ಟುಕೊಳ್ಳಬಹುದಾದ ವಸ್ತುಗಳು ಎಂಟೇ: ಮೂರು ಚೀವರ, ಭಿಕ್ಷಾಪಾತ್ರೆ, ಕ್ಷೌರಕತ್ತಿ, ಸೂಜಿ, ಸೊಂಟಪಟ್ಟಿ, ನೀರು ಸೋಸುವ ಬಟ್ಟೆ. ಹೊನ್ನು, ಮನೆ, ಸಂಸಾರ ಎಲ್ಲ ಬಿಟ್ಟವನಿಗೂ ಕತ್ತಿ ಬಿಡುವ ಹಾಗಿಲ್ಲ ನೋಡಿ! ಧರ್ಮ ಚೀನಾಕ್ಕೆ, ಕೊರಿಯಾಕ್ಕೆ ಹೋದಾಗ ತಲೆ ಬೋಳಿಸುವ ಪದ್ಧತಿಯೂ ಜೊತೆಗೇ ಹೋಯಿತು. ಆರನೇ ಶತಮಾನದ ಮಧ್ಯದಲ್ಲಿ (538 ಅನ್ನೋರಿದ್ದಾರೆ, 552 ಅನ್ನೋರೂ ಇದ್ದಾರೆ) ಕೊರಿಯಾದ ಬೆಕ್ಜೆ ರಾಜ್ಯದಿಂದ ಜಪಾನಿಗೆ ಬುದ್ಧನ ವಿಗ್ರಹ ಬಂತು. 720ರಲ್ಲಿ ಮುಗಿದ 'ನಿಹೋನ್ ಶೋಕಿ' ಎಂಬ ಚರಿತ್ರೆಯ ಪ್ರಕಾರ, ಜಪಾನಿನಲ್ಲಿ ಮೊದಲು ದೀಕ್ಷೆ ತೆಗೆದುಕೊಂಡದ್ದು ಗಂಡಸರಲ್ಲ. 584ರಲ್ಲಿ ಝೆನ್‌ಶಿನ್ ಎಂಬ ಚಿಕ್ಕ ಹುಡುಗಿ, ಅವಳ ಜೊತೆ ಇನ್ನಿಬ್ಬರು ಹುಡುಗಿಯರು. ಜಪಾನಿನಲ್ಲಿ ಕ್ಷೌರಕತ್ತಿಯ ಚರಿತ್ರೆ ಶುರುವಾಗೋದು ಗಡ್ಡದಿಂದಲ್ಲ, ದೀಕ್ಷೆಗೆ ತಲೆ ಒಡ್ಡಿದ ಈ ಮೂರು ಹೆಣ್ಣುಮಕ್ಕಳಿಂದ ಅಂತ ನನಗನ್ನಿಸುತ್ತೆ.

ಇವತ್ತಿಗೂ ಅಲ್ಲಿನ ಜೋದೋ ಶಿನ್ ಪಂಥದಲ್ಲಿ 'ಒಕಮಿಸೋರಿ' ಅಂತ ಒಂದು ವಿಧಿ ಇದೆ. ಕತ್ತಿಯನ್ನು ತಲೆಗೆ ಮೂರು ಸಲ ಸುಮ್ಮನೆ ಮುಟ್ಟಿಸುತ್ತಾರೆ, ಒಂದು ಕೂದಲೂ ಉದುರೋದಿಲ್ಲ. ತಲೆ ಬಗ್ಗಿಸೋದಷ್ಟೇ ಮುಖ್ಯ.

ತಲೆ ಬಗ್ಗಿಸೋ ಮಾತು ಬಂತಲ್ಲ, ಉಪಾಲಿಯ ಕಥೆ ನಿಮಗೆ ಗೊತ್ತಿರಬಹುದು. ಶಾಕ್ಯರ ಕ್ಷೌರಿಕ. ಶಾಕ್ಯ ರಾಜಕುಮಾರರು ಸಂಘ ಸೇರಲು ಹೊರಟಾಗ ಅವನೂ ಹಿಂದೆ ಹೋದ. ಮೊದಲು ಇವನಿಗೇ ದೀಕ್ಷೆ ಕೊಡಿ, ಆಗ ನಾವು ಇವನಿಗೆ ನಮಸ್ಕಾರ ಮಾಡಬೇಕಾಗುತ್ತೆ, ನಮ್ಮ ಕುಲದ ಜಂಬ ಇಳಿಯುತ್ತೆ ಅಂತ ರಾಜಕುಮಾರರೇ ಕೇಳಿಕೊಂಡರಂತೆ. ಮುಂದೆ ರಾಜಗೃಹದ ಮೊದಲ ಸಂಗೀತಿಯಲ್ಲಿ ಇಡೀ ವಿನಯವನ್ನು, ಅಂದರೆ ಸಂಘದ ನಿಯಮಗಳನ್ನು, ನೆನಪಿನಿಂದ ಹೇಳಿದವನು ಇದೇ ಉಪಾಲಿ.

ಇದನ್ನು ಓದುವಾಗ ನನಗೆ ನಮ್ಮ ಹಿತ್ತಲು ನೆನಪಾಯಿತು. ಚಿಕ್ಕಂದಿನಲ್ಲಿ ತಿಂಗಳಿಗೊಮ್ಮೆ ಕ್ಷೌರಿಕರು ಮನೆಗೇ ಬರುತ್ತಿದ್ದರು. ಬರುತ್ತಿದ್ದದ್ದು ಹಿತ್ತಲ ಬಾಗಿಲಿಗೆ. ಮರದ ಪೆಟ್ಟಿಗೆ, ಅದರಲ್ಲೊಂದು ಕಪ್ಪು ಕಲ್ಲು, ಚರ್ಮದ ಪಟ್ಟಿ, ಕತ್ತಿ. ತೆಂಗಿನಮರದ ಕೆಳಗೆ ಮಣೆ ಹಾಕಿಕೊಂಡು ಅಪ್ಪ ಕೂರುತ್ತಿದ್ದರು, ಆಮೇಲೆ ನಾವು. ಮುಗಿದ ಮೇಲೆ ಏನನ್ನೂ ಮುಟ್ಟದೆ ಸೀದಾ ಬಚ್ಚಲಿಗೆ ಓಡಬೇಕು, ಇಲ್ಲದಿದ್ದರೆ ಅಜ್ಜಿಯ ಬೈಗುಳ. ಕುತ್ತಿಗೆಗೆ ಕತ್ತಿ ಇಡಲು ಬಿಡುತ್ತಿದ್ದ ನಾವು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಅಪ್ಪನಿಗಿಂತ ಹಿರಿಯರಾದ ಅವರನ್ನು ಮಕ್ಕಳಾದ ನಾವೂ ಏಕವಚನದಲ್ಲೇ ಕರೆಯುತ್ತಿದ್ದೆವು. ಯಾರೂ ತಿದ್ದಲಿಲ್ಲ.

ಇರಲಿ, ಜಪಾನಿಗೆ ವಾಪಸು ಬರೋಣ.

ಕತ್ತಿ ಮಠದಿಂದ ಬೀದಿಗೆ ಬಂದದ್ದು ಸಮುರಾಯಿಗಳ ತಲೆಯ ದೆಸೆಯಿಂದ. ಹಣೆಯಿಂದ ನಡುನೆತ್ತಿಯವರೆಗೆ ಬೋಳಿಸಿ, ಹಿಂದಿನ ಕೂದಲನ್ನು ಜುಟ್ಟು ಕಟ್ಟಿ ಮುಂದಕ್ಕೆ ಮಡಚುವ ಶೈಲಿ ಸಿನಿಮಾದಲ್ಲಿ ನೋಡಿರುತ್ತೀರಿ. ಬೋಳಿಸಿದ ಭಾಗಕ್ಕೆ 'ಸಕಯಾಕಿ' ಅಂತ ಹೆಸರು. ಯುದ್ಧದ ಕಾಲದಲ್ಲಿ ಶಿರಸ್ತ್ರಾಣದ ಸೆಕೆಗೆ ಶುರುವಾದದ್ದು ಅಂತಾರೆ. ಮೊದಮೊದಲು ಚಿಮಟದಲ್ಲಿ ಕೂದಲು ಕೀಳುತ್ತಿದ್ದರಂತೆ (ಅಯ್ಯೋ!), ಆಮೇಲೆ ಕತ್ತಿ ಬಂತು. 1603ರಿಂದ 1868ರವರೆಗಿನ ಎದೋ ಕಾಲದಲ್ಲಿ ಯುದ್ಧ ನಿಂತರೂ ಬೋಳು ನಿಲ್ಲಲಿಲ್ಲ. ವ್ಯಾಪಾರಿ, ಕುಶಲಕರ್ಮಿ ಎಲ್ಲರಿಗೂ ಅದೇ ಶೈಲಿ. ನಮ್ಮ ನೆತ್ತಿ ನಮಗೆ ಕಾಣದಿರೋದರಿಂದ ಇನ್ನೊಬ್ಬರು ಬೇಕೇ ಬೇಕು. 'ಕಮಿಯುಯಿ' ಅನ್ನೋ ಕೇಶಕರ್ಮಿಗಳ ಅಂಗಡಿಗಳು ಊರೆಲ್ಲ ಎದ್ದವು. ಅಲ್ಲಿ ನಡೆಯುವ ಹರಟೆಯನ್ನೇ ಇಟ್ಟುಕೊಂಡು ಶಿಕಿತೇಯಿ ಸಾಂಬಾ ಎಂಬ ಲೇಖಕ 1813ರ ಸುಮಾರಿಗೆ 'ಉಕಿಯೋದೊಕೊ' ಅಂತ ಒಂದು ಹಾಸ್ಯ ಪುಸ್ತಕವನ್ನೇ ಬರೆದ. ನಮ್ಮ ಸಲೂನು, ಅರಳಿಕಟ್ಟೆ ಎರಡೂ ಒಂದೇ ಕಡೆ ಇದ್ದ ಹಾಗೆ.

ಆಮೇಲೆ ಮೇಯಿಜಿ ಕಾಲ. 1871ರಲ್ಲಿ ಜುಟ್ಟು ಕತ್ತರಿಸಲು, ಖಡ್ಗ ಧರಿಸದೆ ಓಡಾಡಲು ಸರ್ಕಾರ ಅನುಮತಿ ಕೊಟ್ಟಿತು. 1873ರಲ್ಲಿ ಚಕ್ರವರ್ತಿಯೇ ಕೂದಲು ಕತ್ತರಿಸಿಕೊಂಡರು. 1876ರಲ್ಲಿ ಬೀದಿಯಲ್ಲಿ ಖಡ್ಗ ಧರಿಸೋದಕ್ಕೇ ನಿಷೇಧ ಬಂತು. ಖಡ್ಗ ಬಡಿಯುತ್ತಿದ್ದ ಕೆಲವರು ಚಾಕು, ಕತ್ತರಿ, ಉಪಕರಣಗಳ ಕಡೆ ತಿರುಗಿದರು. ಇದನ್ನೇ ಹಿಡಿದುಕೊಂಡು ಈಗ ಕಮಿಸೋರಿ ಮಾರೋರು "ಸಮುರಾಯಿ ಖಡ್ಗದ ಉಕ್ಕು" ಅಂತ ಬಾಯಿಗೆ ಬಂದ ಬೆಲೆ ಹೇಳುತ್ತಾರೆ. ನಂಬಬೇಡಿ. ಮೇಯಿಜಿ ನಂತರದ ಎಷ್ಟೋ ಕಮಿಸೋರಿಗಳ ಉಕ್ಕು ಹಡಗಿನಲ್ಲಿ ಬಂದದ್ದು. ಸ್ವೀಡನ್ ಉಕ್ಕು ಅಂತ ಹೆಮ್ಮೆಯಿಂದ ಮುದ್ರೆ ಒತ್ತಿರೋದೂ ಉಂಟು. ಖಡ್ಗಕ್ಕೆ ಬಳಸುವ 'ತಮಹಗಾನೆ' ಉಕ್ಕಿನಿಂದ ಕ್ಷೌರಕತ್ತಿ ಮಾಡಿದವರೂ ಇದ್ದಾರೆ. ನೀಗಾಟಾ ಪ್ರಾಂತ್ಯದ ಸಾಂಜೊ ಊರಿನ ಇವಸಾಕಿ ಕೋಸುಕೆ ಖಡ್ಗದ ಉಕ್ಕನ್ನು ವಿಶ್ವವಿದ್ಯಾಲಯದಲ್ಲಿ ಓದಿ, ಊರಿಗೆ ಮರಳಿ ಕ್ಷೌರಕತ್ತಿ ಮಾಡಿದ ಲೋಹತಜ್ಞ. ಅಂಥವು ಅಪರೂಪ, ಬೆಲೆ ನಮ್ಮಂಥವರಿಗಲ್ಲ.

ಈಗ ಆಯ್ಕೆಯ ಮಾತು. ದಿನಬಳಕೆಗೆ ಜಪಾನಿನ ಕತ್ತಿ ಬೇಕು ಅನ್ನೋರಿಗೆ ಮೂರು ದಾರಿ.

ಒಂದು, ಜಪಾನಿನಲ್ಲೇ ಮಾಡಿದ ಮಡಚುವ ಪಾಶ್ಚಾತ್ಯ ಶೈಲಿಯ ಕತ್ತಿ. ಎರಡೂ ಮುಖ ಸಮ, ಮಸೆಯೋದು ಸುಲಭ. ಸ್ವಂತ ಗಡ್ಡಕ್ಕೆ ಇದೇ ಹೇಳಿ ಮಾಡಿಸಿದ್ದು.

ಎರಡು, ಬ್ಲೇಡು ಬದಲಾಯಿಸುವಂಥದ್ದು. ಗಿಫು ಪ್ರಾಂತ್ಯದ ಸೆಕಿ ಹಳೇ ಖಡ್ಗದ ಊರು. 1908ರಲ್ಲಿ ಕಾಯಿ, 1932ರಲ್ಲಿ ಫೆದರ್ ಕಂಪನಿಗಳು ಶುರುವಾದದ್ದು ಅಲ್ಲೇ. ಫೆದರ್‌ನವರದು ಕಮಿಸೋರಿ ಆಕಾರದಲ್ಲೇ ಸಿಗುತ್ತೆ. ಮಸೆಯುವ ರಗಳೆ ಇಲ್ಲ. ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗುವ ಭಯವೂ ಇಲ್ಲದ್ದರಿಂದ ಸಲೂನುಗಳಿಗೆ ಇದು ವರದಾನ. ನಮ್ಮ ಸಲೂನುಗಳಲ್ಲಿ ಬ್ಲೇಡನ್ನು ಅರ್ಧ ಮುರಿದು ಸಿಕ್ಕಿಸುತ್ತಾರಲ್ಲ, ಅದೇ ಉಪಾಯ. ಆದರೆ ಬ್ಲೇಡು ವಿಪರೀತ ಹರಿತ, ತಪ್ಪಿಗೆ ಕ್ಷಮೆಯೇ ಇಲ್ಲ.

ಮೂರು, ಅಪ್ಪಟ ಕಮಿಸೋರಿ. ಹಳೆಯದು ಕೊಳ್ಳೋದಾದರೆ ಇಷ್ಟು ನೋಡಿ. ಬೆನ್ನಿನ ತುಕ್ಕು ಹೋಗುತ್ತೆ, ಅಲಗಿನ ಅಂಚಿನಲ್ಲಿ ತುಕ್ಕಿನ ಗುಳಿ ಇದ್ದರೆ ಬಿಟ್ಟುಬಿಡಿ. ಗಾಜಿನ ಮೇಲಿಟ್ಟು ನೋಡಿ, ಅಲ್ಲಾಡಿದರೆ ಸೊಟ್ಟಗಿದೆ ಅಂತ ಅರ್ಥ. ಅಲಗು ಅಗಲ ಇದ್ದಷ್ಟೂ ಹೆಚ್ಚು ಆಯುಸ್ಸು ಉಳಿದಿದೆ. ಮಸೆಯುವಾಗ ಒಂದು ಮುಖಕ್ಕೆ ಹೆಚ್ಚು ಎಳೆತ, ಇನ್ನೊಂದಕ್ಕೆ ಕಮ್ಮಿ. ಸಮ ಮಾಡಿದರೆ ಕತ್ತಿಯ ರೂಪವೇ ಕೆಡುತ್ತೆ. ಕ್ಯೋಟೋದ ಗಣಿಗಳ ಸಹಜ ಕಲ್ಲು ದುಬಾರಿ, 12000 ನಂಬರಿನ ಕೃತಕ ಕಲ್ಲು ಸಾಕು. ಬಳಸಿದ ಮೇಲೆ ಒರೆಸಿ, ಒಂದು ಹನಿ ಎಣ್ಣೆ ಸವರಬೇಕು. ನಮ್ಮ ಮಳೆಗಾಲದಲ್ಲಿ ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತೆ. (ಮರೆತ ಮಾತು: ವಿಮಾನದಲ್ಲಿ ತರೋದಾದರೆ ಕೈಚೀಲದಲ್ಲಿಡಬೇಡಿ!)

ಬುದ್ಧಿ ಇರೋರು ಮೊದಲನೆಯದನ್ನು ತಗೋತಾರೆ. ನಾನು ಮೂರನೆಯದನ್ನು ತಗೊಂಡೆ. ಕ್ಯೋಟೋದ ತೋಜಿ ದೇವಸ್ಥಾನದಲ್ಲಿ ಪ್ರತಿ ತಿಂಗಳ 21ಕ್ಕೆ ಸಂತೆ ಸೇರುತ್ತೆ, ಅಲ್ಲಿ ಹಳೇ ಸಾಮಾನಿನ ರಾಶಿಯಲ್ಲಿ ಸಿಕ್ಕಿತು. ಮಸೆಯಲು ಕಲಿಯೋದಕ್ಕೆ ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳಲ್ಲಿ ಹಿತ್ತಲಿನ ಆ ಪೆಟ್ಟಿಗೆ ಎಷ್ಟು ಸಲ ಕಣ್ಣಮುಂದೆ ಬಂತೋ! ಕಲ್ಲಿನ ಮೇಲೆ ನಾಲ್ಕು ಸಲ, ಚರ್ಮದ ಮೇಲೆ ಹತ್ತು ಸಲ ಎಳೆದು, ನೋಡದೆಯೇ ಹೆಬ್ಬೆರಳಿನಲ್ಲಿ ಹರಿತ ತಿಳಿಯುತ್ತಿದ್ದ ಆ ಕೈ. ಅದೊಂದು ವಿದ್ಯೆ ಅಂತ ನಮ್ಮ ಮನೆಯಲ್ಲಿ ಯಾರೂ ಅಂದಿದ್ದು ಕೇಳಿಲ್ಲ.

ಊರಿಗೆ ಬಂದು ಅಪ್ಪನಿಗೆ ಕತ್ತಿ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಕಲಿಯೋಕೆ ಜಪಾನಿಗೆ ಹೋಗಬೇಕಿತ್ತೇನೋ? ನಮ್ಮ ಹಿತ್ತಲಿಗೇ ಬರ್ತಿದ್ದನಲ್ಲ" ಅಂದರು.

ಹೋದ ವರ್ಷ ಅಪ್ಪ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಆರು ವಾರ ಪ್ಲಾಸ್ಟರು. ನಾಲ್ಕನೇ ದಿನ ಗಡ್ಡ ಕೆರೆದುಕೊಳ್ಳುತ್ತಾ ಕೂತಿದ್ದವರನ್ನು "ಅಪ್ಪಾ, ನಾನು ಮಾಡ್ಲಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆ ಹಿಂದಕ್ಕೆ ಒರಗಿಸಿದರು. ಬಲಗೆನ್ನೆ ಮುಗಿಸಿ ಎಡಕ್ಕೆ ಹೋದೆ. ಕತ್ತಿಯನ್ನು ತಿರುಗಿಸಬೇಕಾಗಲಿಲ್ಲ, ನಾನೇ ಕುರ್ಚಿಯ ಸುತ್ತ ನಡೆದೆ. ನನ್ನ ಮುಖದ ಮೇಲೆ ವರ್ಷಗಟ್ಟಲೆ ತಕರಾರು ಮಾಡಿದ ಕತ್ತಿ ಅವತ್ತು ಬೆಣ್ಣೆಯ ಹಾಗೆ ಓಡಿತು. ಒಂದು ಹನಿ ರಕ್ತ ಇಲ್ಲ. ಸಕಾಯಿಯ ಯಜಮಾನರು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಆಗ ಸಿಕ್ಕಿತು.

ಮುಗಿದ ಮೇಲೆ ಅಪ್ಪ ಕೆನ್ನೆ ಸವರಿಕೊಂಡರು. "ಹಿತ್ತಲಿಗೆ ಬರ್ತಿದ್ದರಲ್ಲಪ್ಪ, ಅವರ ಹೆಸರೇನು?" ಅಂತ ಕೇಳಿದೆ. ತುಂಬಾ ಹೊತ್ತು ಯೋಚಿಸಿದರು. "ಮೂವತ್ತು ವರ್ಷ ಬಂದ ಕಣೋ... ಹೆಸರು... ಕೇಳಲೇ ಇಲ್ಲ ನೋಡು" ಅಂದರು. ಅವತ್ತು ಬಿಸಿನೀರು ಕಾದಿದ್ದರೂ ಸ್ನಾನಕ್ಕೆ ಏಳದೆ, ನನ್ನ ಜೊತೆ ಹಾಗೇ ಕೂತು ಕಾಫಿ ಕುಡಿದರು.

ನಿಮ್ಮ ಮನೆಯ ಹಿತ್ತಲಿಗೂ ಅಂಥ ಒಂದು ಪೆಟ್ಟಿಗೆ ಬರುತ್ತಿತ್ತಾ? ಅದನ್ನು ತರುತ್ತಿದ್ದವರ ಹೆಸರು ನಿಮಗೆ ಗೊತ್ತಾ? ಗೊತ್ತಿದ್ದರೆ ಎಲ್ಲಾದರೂ ಬರೆದಿಡಿ.