ದುಭಾಷಿ ಇಲ್ಲದ ಯಂತ್ರ: ಗುಡಿಬಂಡೆಯ ನೆಗೆಟಿವ್‌ಗಳು ಮತ್ತು ಒಂದು ಹಳೆಯ ಫಿಲ್ಮ್ ಸ್ಕ್ಯಾನರ್

ಮೊದಲಿಗೇ ಒಂದು ಗೊಂದಲ ಬಿಡಿಸಿಬಿಡ್ತೇನೆ. ಗುಡಿಬಂಡೆ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಊರು ನೆನಪಾಗುತ್ತೆ. ನಾನು ಕೆಲಸ ಮಾಡಿದ್ದು ಗಡಿಯಾಚೆಯ ಗುಡಿಬಂಡೆಯಲ್ಲಿ, ಮಡಕಶಿರಾ ಸೀಮೆಯದು. ಆ ಸೀಮೆಗೆ ಮೂರು ಕಡೆ ಕರ್ನಾಟಕ. ಅಲ್ಲಿ ನಾನು ಹೋದ ಮನೆಗಳಲ್ಲಿ ಮಾತು ಕನ್ನಡ, ಕಚೇರಿಯ ಕಾಗದ ತೆಲುಗು.

ಈ ಕಡೆಯ ಚರಿತ್ರೆಗೆ ಆಕರ ಹುಡುಕಿದವರಿಗೆ ಒಂದು ಕಷ್ಟ ಗೊತ್ತೇ ಇರುತ್ತೆ. ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಇದೇ ಸೀಮೆಯಲ್ಲಿದೆ. ಆದರೆ ಅಲ್ಲಿನ ಕಂಬ, ಶಿಲ್ಪಗಳಲ್ಲಿ ಕೆಲವನ್ನು ನೋಡಬೇಕಾದರೆ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಶಾಸನಗಳ ಪಾಠ ಬೇಕಾದರೆ ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಸಂಪಾದಿಸಿದ, ಮದರಾಸು ಪ್ರಾಂತದ ಕನ್ನಡ ಶಾಸನಗಳ ಸಂಪುಟ ತೆಗೆಯಬೇಕು. ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯದು, 1939ರಲ್ಲಿ ಬಂದದ್ದು. ರಾಯದುರ್ಗದ ಕತೆ ಇನ್ನೂ ಬೇರೆ. ಅದು ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದೋನಿ, ಆಲೂರುಗಳ ಜೊತೆ ಆಚೆ ಹೋಯಿತು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ರಾಜರ ಚರಿತ್ರೆಯಾದರೆ ಹೀಗೆ ಅಲೆದಾದರೂ ಸಿಗುತ್ತೆ. ಐವತ್ತು ವರ್ಷದ ಹಿಂದೆ ಇಲ್ಲಿನ ಕನ್ನಡ ಶಾಲೆಯ ಮಕ್ಕಳು ಹೇಗೆ ಕೂತಿದ್ದರು, ಮದುವೆ ಚಪ್ಪರದ ಮೇಲಿನ ಬರಹ ಯಾವ ಲಿಪಿಯಲ್ಲಿತ್ತು ಅಂತ ಕೇಳಿದರೆ? ಅದು ನನಗೆ ಸಿಕ್ಕಿದ್ದು ಫೋಟೋ ಸ್ಟುಡಿಯೋದವರ ಅಟ್ಟದ ಮೇಲೆ.

ಮುಚ್ಚಿಹೋದ ಒಂದು ಸ್ಟುಡಿಯೋದ ಮನೆಯಲ್ಲಿ ನನಗೆ ಎರಡು ತಗಡಿನ ಪೆಟ್ಟಿಗೆ ತೋರಿಸಿದರು. ಮನೆಯ ಹಿರಿಯ ಮಗ, ನಾನು ಅಣ್ಣ ಅಂತ ಕರೀತೀನಿ, ಮೊದಲು ನಕ್ಕಿದ್ದು: ‘ಈ ಹಳೇ ರೀಲು ತಗಂಡೋಗಿ ಏನ್ ಮಾಡ್ತೀಯಪ್ಪಾ? ಬೆಳ್ಳಿ ತೆಗೆಯೋರಾದ್ರೂ ಕೇಳ್ಕಂಡ್ ಬತ್ತಿದ್ರು, ಈಗ ಅವ್ರೂ ಬರಲ್ಲ.’ ಈ ಮಾತು ತಮಾಷೆಯಲ್ಲ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ಅಂದರೆ ಬೆಳ್ಳಿಯ ಕಣವೇ. ಆ ಬೆಳ್ಳಿಯೇ ಮುಂದೆ ನನ್ನನ್ನು ಗುಂಡಿಗೆ ಬೀಳಿಸಿತು, ಅದಕ್ಕೆ ಬರ್ತೇನೆ.

ಸಾವಿರಕ್ಕೂ ಮಿಕ್ಕಿ ಚೌಕಟ್ಟುಗಳಿದ್ದವು, ಹೆಚ್ಚಿನವು 35 ಮಿ.ಮೀ. ಕೆಲವು ಡಬ್ಬಿಗಳ ಮೇಲೆ ‘ಇಂದು’ ಅಂತ ಇತ್ತು. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಮಾಲು ಅದು. ಅಲ್ಲಿ ತಯಾರಿಕೆ ಶುರುವಾದದ್ದು 1967ರಲ್ಲಿ. ಹಾಗಾದರೆ ಕಾಲನಿರ್ಣಯ ಸುಲಭ ಅಂದುಕೊಂಡೆ. ಆದರೆ ಡಬ್ಬಿ ಒಂದರದು, ರೀಲು ಇನ್ನೊಂದರದು ಇರಬಹುದಲ್ಲ! ಡಬ್ಬಿಯನ್ನು ಪುರಾವೆ ಅಂತ ಹಿಡಿಯಬೇಡಿ. ಪೆಟ್ಟಿಗೆ ತೆರೆದಾಗ ವಿನೆಗರ್ ಹುಳಿ ವಾಸನೆ ಬಂತು. ಅಸಿಟೇಟ್ ಫಿಲ್ಮ್ ಕೆಡೋಕೆ ಶುರುವಾದ ಗುರುತು ಅದು. ಒಮ್ಮೆ ಶುರುವಾದರೆ ತನ್ನ ವೇಗವನ್ನು ತಾನೇ ಹೆಚ್ಚಿಸಿಕೊಳ್ಳುತ್ತೆ. ಆ ಸೀಮೆಯ ಬೇಸಿಗೆಯಲ್ಲಿ ತಗಡಿನ ಪೆಟ್ಟಿಗೆಯೊಳಗೆ ಎಷ್ಟು ಬಿಸಿ ಇರುತ್ತೆ, ನೀವೇ ಯೋಚಿಸಿ. ನನಗೆ ಅವಸರವಿತ್ತು.

ಈಗ ಯಂತ್ರ. ನನಗೆ ಸೆಕೆಂಡ್‌ಹ್ಯಾಂಡ್ ಸಿಕ್ಕಿದ್ದು ನಿಕಾನ್ ಕೂಲ್‌ಸ್ಕ್ಯಾನ್ ಐದು, ಎಲ್‌ಎಸ್-50. ಸುಮಾರು ಇಪ್ಪತ್ತು ವರ್ಷ ಹಳೆಯದು, ತಯಾರಿಕೆ ಯಾವತ್ತೋ ನಿಂತಿದೆ. ಒಂದು ಇಂಚಿಗೆ 4000 ಬಿಂದು ಓದುತ್ತೆ. ಅಂದರೆ 24×36 ಮಿ.ಮೀ. ಚೌಕಟ್ಟಿನಿಂದ ಎರಡು ಕೋಟಿಗೂ ಹೆಚ್ಚು ಬಿಂದು. ಒಳಗಿನ ಕನ್ನಡಿಯ ಮೇಲೆ ಕೂತಿದ್ದ ಧೂಳು ಒರೆಸಿದ ಮೇಲೆ ಅಂಚುಗಳು ಚೂಪಾದವು. ಮೋಟಾರು, ಮಸೂರ, ದೀಪ ಎಲ್ಲ ಸರಿ. ಕೆಲಸ ಮಾತ್ರ ಮಾಡಲಿಲ್ಲ. ನನ್ನ ಹೊಸ ಲ್ಯಾಪ್‌ಟಾಪಿಗೆ ಚುಚ್ಚಿದರೆ ‘ಗುರುತು ಸಿಗದ ಸಾಧನ’ ಅಂತು.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಚರಿತ್ರೆ ಇರೋದು ಇಲ್ಲೇ. ಡ್ರೈವರ್ ಅನ್ನೋದು ದುಭಾಷಿ ಇದ್ದ ಹಾಗೆ. ಯಂತ್ರದ ಮಾತನ್ನು ಆಪರೇಟಿಂಗ್ ಸಿಸ್ಟಂಗೆ, ಅದರ ಮಾತನ್ನು ಯಂತ್ರಕ್ಕೆ ತಿಳಿಸುತ್ತೆ. ನಿಕಾನ್ ಸ್ಕ್ಯಾನ್ ತಂತ್ರಾಂಶ ಎಕ್ಸ್‌ಪಿ ಕಾಲದ್ದು, 4.0.3 ಆವೃತ್ತಿ 32 ಬಿಟ್‌ನ ವಿಸ್ಟಾ ತನಕ ಬಂದು ಅಲ್ಲಿಗೇ ನಿಂತಿತು. 64 ಬಿಟ್‌ನ ವಿಂಡೋಸ್, ಒಳಗಿನ ಡ್ರೈವರ್ ಕೂಡ 64 ಬಿಟ್‌ನದೇ ಇರಬೇಕು, ಸಹಿಯೂ ಬೇಕು ಅಂತ ಕಟ್ಟುನಿಟ್ಟು ಮಾಡಿತು. ತಯಾರಿಕೆ ನಿಂತ ಯಂತ್ರಕ್ಕೆ ಹೊಸ ಡ್ರೈವರ್ ಬರೆಸೋಕೆ ಯಾರು ಖರ್ಚು ಮಾಡ್ತಾರೆ? ಮ್ಯಾಕ್ ಕಡೆಯೂ ಇದೇ: ತಂತ್ರಾಂಶ ಪವರ್‌ಪಿಸಿ ಕಾಲದ್ದು, 2011ರಲ್ಲಿ ಲಯನ್ ಬಂದಾಗ ಅದನ್ನು ನಡೆಸುತ್ತಿದ್ದ ರೊಸೆಟ್ಟಾ ಹೋಯಿತು.

ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಸ್ಕ್ಯಾನರ್ ಜೊತೆ ಯುಎಸ್‌ಬಿಯಲ್ಲಿ ಮಾತಾಡುವ ಒಂದು ಸಾಮಾನ್ಯ ಡ್ರೈವರ್ ವಿಂಡೋಸ್‌ನಲ್ಲೇ ಇದೆ. ‘ಈ ಗುರುತಿನ ಯಂತ್ರ ಬಂದರೆ ಅದನ್ನೇ ಬಳಸು’ ಅಂತ ಹೇಳುವ ಐಎನ್‌ಎಫ್ ಕಡತ ಇಲ್ಲ, ಅಷ್ಟೆ. ಅದೊಂದು ಸಣ್ಣ ಪಠ್ಯಕಡತ; ಬಳಕೆದಾರರೇ ತಿದ್ದಿಕೊಂಡರು. ತಿದ್ದಿದ ಕಡತಕ್ಕೆ ಸಹಿ ಇರಲ್ಲ, ಹಾಗಾಗಿ ಸಹಿಯ ತಪಾಸಣೆ ತಾತ್ಕಾಲಿಕವಾಗಿ ನಿಲ್ಲಿಸಿ ಹಾಕಬೇಕು. ಇನ್ನೊಂದು ದಾರಿ ವ್ಯೂಸ್ಕ್ಯಾನ್. ಎಡ್ ಹ್ಯಾಮ್ರಿಕ್ ಅನ್ನೋರು 1998ರಿಂದ ಬೆಳೆಸಿಕೊಂಡು ಬಂದದ್ದು. ಹಳೆಯ ಯಂತ್ರಗಳ ಭಾಷೆಯನ್ನು ಹೊರಗಿನಿಂದಲೇ ಕಲಿತು ತನ್ನದೇ ದುಭಾಷಿಯನ್ನು ಕೊಡುತ್ತೆ, ದುಡ್ಡು ಕೊಡಬೇಕು. ಮೂರನೆಯದು ಲಿನಕ್ಸಿನ ಸೇನ್. ಅದರ ‘ಕೂಲ್‌ಸ್ಕ್ಯಾನ್3’ ಭಾಗ ಈ ಯಂತ್ರಕ್ಕೆ ಆಗುತ್ತೆ. ಮೂಲ ಸಂಕೇತ ಎಲ್ಲರಿಗೂ ಓದೋಕೆ ಸಿಗುತ್ತೆ. ಚರಿತ್ರೆಯ ವಿದ್ಯಾರ್ಥಿಯಾಗಿ ನನ್ನ ಒಲವು ಇದರ ಕಡೆಗೆ. ಬಳಸೋಕೆ ಒರಟು, ಮುದ್ದಾದ ಕಿಟಕಿ-ಗುಂಡಿ ಇಲ್ಲ. ಆದರೂ ಬೆಳಕು ಅಂಕಿಯಾಗುವ ಮಧ್ಯೆ ಏನು ನಡೆಯಿತು ಅಂತ ಕೇಳಿದರೆ ತೋರಿಸೋಕಾಗುತ್ತೆ.

ಅದು ಯಾಕೆ ಮುಖ್ಯ ಅನ್ನೋದಕ್ಕೆ ನನ್ನದೇ ತಪ್ಪು ಹೇಳ್ತೇನೆ. ಪೆಟ್ಟಿಗೆಯಲ್ಲಿ ಒಂದು ವೀರಗಲ್ಲಿನ ಚಿತ್ರವಿತ್ತು. ಅಕ್ಷರ ಕಾಣಲಿ ಅಂತ ಯಾರೋ ಸೀಮೆಸುಣ್ಣ ತುಂಬಿ ಫೋಟೋ ತೆಗೆಸಿದ್ದಾರೆ. ಆ ಕಲ್ಲು ಈಗಲೂ ಇದೆ, ಆದರೆ ಕೆಳಗಿನ ಎರಡು ಸಾಲು ಸಿಮೆಂಟ್ ಕಟ್ಟೆಯೊಳಗೆ ಹೋಗಿವೆ. ಅಂದರೆ ಆ ಎರಡು ಸಾಲಿಗೆ ನನಗೆ ಗೊತ್ತಿರುವ ಆಧಾರ ಈ ನೆಗೆಟಿವ್ ಒಂದೇ. ನಾನು ಸ್ಕ್ಯಾನ್ ಮಾಡುವಾಗ ಡಿಜಿಟಲ್ ಐಸ್ ಅನ್ನೋ ಧೂಳು ತೆಗೆಯುವ ಸೌಲಭ್ಯ ಆನ್ ಇಟ್ಟಿದ್ದೆ. ಸ್ಕ್ಯಾನರ್ ಅವಕೆಂಪು ಬೆಳಕನ್ನೂ ಹಾಯಿಸುತ್ತೆ. ಕಲರ್ ಫಿಲ್ಮಿನ ಬಣ್ಣಗಳ ಮೂಲಕ ಅದು ಸಲೀಸಾಗಿ ದಾಟುತ್ತೆ, ಧೂಳು ಮಾತ್ರ ತಡೆಯುತ್ತೆ. ತಡೆದ ಜಾಗವನ್ನೆಲ್ಲ ತಂತ್ರಾಂಶ ಅಕ್ಕಪಕ್ಕದ ಬಣ್ಣದಿಂದ ಮುಚ್ಚುತ್ತೆ. ಆದರೆ ಬೆಳ್ಳಿಯೂ ಅವಕೆಂಪು ಬೆಳಕನ್ನು ತಡೆಯುತ್ತೆ! ನೆಗೆಟಿವ್‌ನಲ್ಲಿ ಬಿಳಿ ವಸ್ತು ಇರುವಲ್ಲೇ ಬೆಳ್ಳಿ ದಟ್ಟ. ನನ್ನ ಚಿತ್ರದಲ್ಲಿ ಅತಿ ಬಿಳಿ ಯಾವುದು? ಸೀಮೆಸುಣ್ಣ ತುಂಬಿದ ಅಕ್ಷರಗಳು. ತಂತ್ರಾಂಶ ಶಾಸನವನ್ನೇ ಧೂಳು ಅಂದುಕೊಂಡಿತು.

ಪೂರ್ತಿ ಅಳಿಸಿದ್ದರೆ ನನಗೆ ಆಗಲೇ ಗೊತ್ತಾಗ್ತಿತ್ತು. ದಪ್ಪ ಅಕ್ಷರ ಉಳಿದವು. ಅಂಚು ಮಸುಕಾಯಿತು, ಸಣ್ಣ ಗುರುತು ಹೋಯಿತು. ನಾನು ಪಾಠ ಬರೆದು ಮಾರ್ಗದರ್ಶಕರಿಗೆ ಕೊಟ್ಟೆ. ಅವರು ಒಂದೇ ಪ್ರಶ್ನೆ ಕೇಳಿದರು: ‘ಇಲ್ಲಿ ಸೊನ್ನೆ ಯಾಕಿಲ್ಲ? ಮೇಲಿನ ಸಾಲಲ್ಲಿ ಇದೇ ಹೆಸರಿಗೆ ಹಾಕಿದ್ದಾನಲ್ಲ.’ ನಾನು ಕಂಡರಿಸಿದವನ ತಪ್ಪು ಅಂತ ವಾದ ಬೇರೆ ಮಾಡಿದೆ. ಸೇನ್‌ನಲ್ಲಿ ಯಾವ ತಿದ್ದುಪಡಿಯೂ ಇಲ್ಲದೆ ಮತ್ತೆ ಸ್ಕ್ಯಾನ್ ಮಾಡಿದಾಗ ಸೊನ್ನೆ ಅಲ್ಲೇ ಇತ್ತು, ದುಂಡಗೆ. ಬೆಳ್ಳಿಯ ಕಪ್ಪು-ಬಿಳುಪು ಫಿಲ್ಮಿಗೆ ಐಸ್ ಬಳಸಬಾರದು ಅಂತ ಯಂತ್ರದ ಕೈಪಿಡಿಯಲ್ಲೇ ಎಚ್ಚರಿಕೆ ಇದೆ. ನಾನು ಕೈಪಿಡಿ ಓದಿರಲಿಲ್ಲ.

ಅದಾದ ಮೇಲೆ ಇನ್ನೂರ ಹತ್ತು ಚೌಕಟ್ಟುಗಳನ್ನು ಮೊದಲಿನಿಂದ ಮಾಡಬೇಕಾಯಿತು. ಅದರಲ್ಲಿ ಹನ್ನೊಂದು ಅಷ್ಟರಲ್ಲಿ ಸುರುಳಿ ಸುತ್ತಿಕೊಂಡು ಹೋಲ್ಡರಿಗೆ ಕೂರಲಿಲ್ಲ. ಈಗ ಪ್ರತಿ ಚಿತ್ರದ ಜೊತೆ ಯಂತ್ರ, ತಂತ್ರಾಂಶದ ಆವೃತ್ತಿ, ಯಾವ ಸೌಲಭ್ಯ ಆನ್, ಯಾವುದು ಆಫ್ ಅಂತ ಬರೆದಿಡ್ತೇನೆ. ಹಸ್ತಪ್ರತಿಯ ಲಿಪಿಕಾರನ ಬಗ್ಗೆ ನಾವು ಟಿಪ್ಪಣಿ ಹಾಕ್ತೀವಲ್ಲ, ಹಾಗೆ.

ಚಾಟ್‌ನಲ್ಲಿ ಪ್ರಶ್ನೆಗಳು ಬಂದಿವೆ. ‘ಇಷ್ಟೆಲ್ಲ ಯಾಕೆ, ಒಳ್ಳೆ ಕ್ಯಾಮೆರಾದಲ್ಲಿ ನೆಗೆಟಿವ್ ಫೋಟೋ ತೆಗೀಬಹುದಲ್ಲ?’ ತೆಗೀಬಹುದು. ಕಪ್ಪು-ಬಿಳುಪಿಗೆ ಮ್ಯಾಕ್ರೋ ಲೆನ್ಸ್, ಸಮನಾದ ಬೆಳಕು ಇದ್ದರೆ ಚೆನ್ನಾಗೇ ಬರುತ್ತೆ, ಬೇಗವೂ ಆಗುತ್ತೆ. ನನ್ನ ಹತ್ತಿರ ಅಂಥ ಲೆನ್ಸ್ ಇರಲಿಲ್ಲ, ಸ್ಕ್ಯಾನರ್ ಇತ್ತು. ಇನ್ನೊಂದು: ಹಳೇ ಎಕ್ಸ್‌ಪಿ ಕಂಪ್ಯೂಟರನ್ನೇ ಇಟ್ಟುಕೊಂಡರೆ? ನಾನೂ ಒಂದು ಇಟ್ಟಿದ್ದೇನೆ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಿಂದ ಭದ್ರತಾ ತಿದ್ದುಪಡಿ ಇಲ್ಲ, ಇಂಟರ್ನೆಟ್‌ಗೆ ಜೋಡಿಸಲೇಬೇಡಿ. ಅದರ ಹಾರ್ಡ್‌ಡಿಸ್ಕಿನ ಪೂರ್ತಿ ನಕಲು ಒಂದು ತೆಗೆದಿಡಿ, ಸ್ಕ್ಯಾನರಿಗಿಂತ ಮೊದಲು ಸಾಯೋದು ಅದೇ. ಎಲ್‌ಎಸ್-50 ಯುಎಸ್‌ಬಿ ಯಂತ್ರವಾದ್ದರಿಂದ ಹೊಸ ಕಂಪ್ಯೂಟರಿನೊಳಗೆ ವರ್ಚುವಲ್ ಎಕ್ಸ್‌ಪಿ ಕೂರಿಸಿಯೂ ನಡೆಸಬಹುದು. ಫೈರ್‌ವೈರ್‌ನ ಎಲ್‌ಎಸ್-9000ಕ್ಕೆ ಅಷ್ಟು ಸುಲಭ ಇಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ ಆ ಕಿಂಡಿಯೇ ಇಲ್ಲ, 2025ರ ಮ್ಯಾಕ್‌ಓಎಸ್ ಟಾಹೋ ಫೈರ್‌ವೈರ್ ಬೆಂಬಲವನ್ನೇ ತೆಗೆದಿದೆ.

9000ದ ವಿಚಾರ ಸುಮ್ಮನೆ ಎತ್ತಲಿಲ್ಲ. ಎರಡನೇ ಪೆಟ್ಟಿಗೆಯ ತಳದಲ್ಲಿ 120 ರೀಲಿನ ಅಗಲದ ನೆಗೆಟಿವ್‌ಗಳ ಆರು ಕಟ್ಟು ಇವೆ. ನನ್ನ ಯಂತ್ರಕ್ಕೆ ಅವು ಹಿಡಿಸಲ್ಲ. ಬೆಳಕಿಗೆ ಹಿಡಿದು ನೋಡಿದ್ದೇನೆ. ಒಂದರಲ್ಲಿ ಶಾಲೆಯ ಮಕ್ಕಳ ಹಿಂದೆ ಕರಿಹಲಗೆ ಇದೆ, ಅದರ ಮೇಲೆ ಏನೋ ಬರೆದಿದೆ, ಕಣ್ಣಿಗೆ ಓದೋಕಾಗ್ತಿಲ್ಲ. ಸದ್ಯ ಪೆಟ್ಟಿಗೆಯಿಂದ ತೆಗೆದು ಕಾಗದದ ಲಕೋಟೆಗಳಲ್ಲಿ ಇಟ್ಟಿದ್ದೇವೆ, ಅಣ್ಣನ ಮನೆಯ ತಂಪಾದ ಒಳಕೋಣೆಯಲ್ಲಿ. ನಿಮ್ಮಲ್ಲಿ ಯಾರ ವಿಭಾಗದಲ್ಲಾದರೂ ಆ ಅಳತೆಗೆ ಆಗುವ ಸ್ಕ್ಯಾನರ್ ಬೀರುವಿನಲ್ಲಿ ಬಿದ್ದಿದ್ದರೆ, ಕೆಟ್ಟಿದೆ ಅಂತ ಹೇಳಿದರೂ ಪರವಾಗಿಲ್ಲ, ತಿಳಿಸಿ. ನಾನೇ ಬಂದು ನೋಡ್ತೇನೆ.