ಗಂಜ್, ಕಾಲುವೆ, ಪಹಣಿ: ರಾಯಚೂರು ಸೀಮೆಯಲ್ಲಿ ಹೊಲ ಮತ್ತು ಬೆಳೆಯ ಮಾರಾಟ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬಿನಲ್ಲಿ ಬೆಳೆ ಮಾರುವುದು ಮತ್ತು ಹೊಲ ಮಾರುವುದು ಎರಡು ಬೇರೆ ವ್ಯವಹಾರಗಳೆಂದು ಅಧ್ಯಯನಗಳು ಸಾಮಾನ್ಯವಾಗಿ ಬಗೆದಿವೆ. ಮೊದಲನೆಯದನ್ನು ಮಾರುಕಟ್ಟೆ ಸಮಿತಿಯ ಕಾಯ್ದೆಗಳ ಮೂಲಕ, ಎರಡನೆಯದನ್ನು ಭೂಸುಧಾರಣೆಯ ಕಾಯ್ದೆಗಳ ಮೂಲಕ ನೋಡುವುದು ರೂಢಿ. ಆದರೆ ಮಾನ್ವಿ, ದೇವದುರ್ಗ ಭಾಗದ ರೈತ ಕುಟುಂಬದ ಲೆಕ್ಕದಲ್ಲಿ ಇವೆರಡೂ ಒಂದೇ ಸಾಲದ ಎರಡು ಹಂತಗಳು. ಬೆಳೆಯ ಹಣ ಉದ್ರಿ ತೀರಿಸಲು ಸಾಕಾಗದ ವರ್ಷಗಳು ಒಂದರ ಮೇಲೊಂದು ಬಂದಾಗ ಹೊಲದ ಮಾತು ಹೊರಡುತ್ತದೆ.

ರೈಲು ಬರುವ ಮೊದಲು ಇಲ್ಲಿನ ಎರೆ ಭೂಮಿಯ, ಅಂದರೆ ಕಪ್ಪು ಮಣ್ಣಿನ ಹೊಲಗಳ ಮುಖ್ಯ ಬೆಳೆ ಬಿಳಿಜೋಳವಾಗಿದ್ದು, ಅದು ಮಾರಾಟಕ್ಕಿಂತ ಕೂಡಿಡುವುದಕ್ಕೇ ಹೆಚ್ಚು ಒದಗುತ್ತಿತ್ತು. ಒಣ ನೆಲದಲ್ಲಿ ಆಳವಾಗಿ ತೋಡಿ, ಒಳಗೋಡೆಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಬಂಡೆ ಎಳೆದು ಮಣ್ಣು ಮೆತ್ತುವ ನೆಲಕಣಜಕ್ಕೆ ಹಗೇವು ಎಂದು ಹೆಸರು. ಅದನ್ನು ತೆಗೆದ ದಿನ ಕೆಟ್ಟ ಗಾಳಿಗೆ ಉಸಿರು ಕಟ್ಟುವ ಭಯದಿಂದ ಯಾರೂ ತಕ್ಷಣ ಇಳಿಯುತ್ತಿರಲಿಲ್ಲ. ದೀಪ ಇಳಿಬಿಟ್ಟು, ಅದು ನಂದದೆ ಉರಿದರೆ ಮಾತ್ರ ಆಳು ಇಳಿಯುತ್ತಿದ್ದ. ಹಗೇವು ಉಳ್ಳ ಮನೆ ಧಾರಣೆ ಏರುವವರೆಗೆ ಕಾಯಬಲ್ಲ ಮನೆಯಾಗಿತ್ತು. ಕಾಯುವ ಆ ಶಕ್ತಿ ರೈತನ ಕೈತಪ್ಪಿದ್ದೇ ಮುಂದಿನ ಚರಿತ್ರೆಯ ಮುಖ್ಯ ಸಂಗತಿ.

1853ರ ಒಪ್ಪಂದದಂತೆ ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದ ದೋಆಬು 1860ರಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ಮರಳಿತು. 1871ರಲ್ಲಿ ಮುಂಬಯಿ ಮತ್ತು ಮದರಾಸು ಕಡೆಯ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದ ಮೇಲೆ ದೂರದ ಪೇಟೆಯ ಬಾಗಿಲು ತೆರೆದು, ಹತ್ತಿಯ ಬೆಲೆ ಬಲಗೊಂಡಿತು. ಹತ್ತಿಯನ್ನು ಹಗೇವಿನಲ್ಲಿ ಇಡಲಾಗದು, ಉಣ್ಣಲೂ ಬಾರದು. ಬಿಡಿಸಿದ ಮೇಲೆ ಮಾರಲೇಬೇಕು. ಹೀಗಾಗಿ ಬಿತ್ತುವ ಮೊದಲೇ ಮುಂಗಡ ಕೊಟ್ಟು ಬೆಳೆಯನ್ನು ತನ್ನ ಅಂಗಡಿಗೆ ಕಟ್ಟಿಹಾಕಿಕೊಳ್ಳುವ ಸಾಹುಕಾರನ ಸ್ಥಾನ ಗಟ್ಟಿಯಾಯಿತು. ಇದರ ಜೊತೆಗೆ ನಾಣ್ಯದ ತೊಡಕೂ ಇತ್ತು. ಸಂಸ್ಥಾನದ ಹಾಲಿ ಸಿಕ್ಕಾ ರೂಪಾಯಿ ಬ್ರಿಟಿಷರ ಕಲ್ದಾರ್ ರೂಪಾಯಿಗಿಂತ ಅಗ್ಗವಾಗಿದ್ದು, ಸುಮಾರು ಏಳು ಹಾಲಿಗೆ ಆರು ಕಲ್ದಾರ್ ಎಂಬ ಲೆಕ್ಕ ಬಹುಕಾಲ ನಡೆದುದರಿಂದ, ಹೊರಗಿನ ಪೇಟೆಯ ದರವನ್ನು ಹಳ್ಳಿಯ ದರಕ್ಕೆ ಹೊಂದಿಸುವ ಗಣಿತ ವ್ಯಾಪಾರಿಗೆ ಮಾತ್ರ ಗೊತ್ತಿರುತ್ತಿತ್ತು.

ಪೇಟೆಯಲ್ಲಿ ದರ ಗೊತ್ತುಮಾಡುತ್ತಿದ್ದ ಬಗೆಯೂ ಇಷ್ಟೇ ಮುಚ್ಚಿದ್ದು. ದಲ್ಲಾಳಿ ಮತ್ತು ಖರೀದಿದಾರ ವಲ್ಲಿಯ, ಅಂದರೆ ಹೆಗಲ ಬಟ್ಟೆಯ, ಕೆಳಗೆ ಕೈ ಹಿಡಿದು ಬೆರಳು ಒತ್ತಿ ಧಾರಣೆ ತೀರ್ಮಾನಿಸುತ್ತಿದ್ದರು. ಎಷ್ಟು ಬೆರಳು ಒತ್ತಲಾಯಿತು ಎಂಬುದು ಮಾಲಿನ ಒಡೆಯನಿಗೆ ಕಾಣುತ್ತಿರಲಿಲ್ಲ, ಅವನಿಗೆ ಕೊನೆಗೆ ಒಂದು ಅಂಕಿಯನ್ನಷ್ಟೇ ಹೇಳಲಾಗುತ್ತಿತ್ತು. ದನದ ಸಂತೆಗಳಲ್ಲಿ ಈ ಪದ್ಧತಿ ಇನ್ನೂ ಬಳಕೆಯಲ್ಲಿದೆ. 1930ರ ಹೈದರಾಬಾದ್ ಕೃಷಿ ಮಾರುಕಟ್ಟೆ ಕಾಯ್ದೆ ಪೇಟೆಗಳನ್ನು ಸಮಿತಿಗಳ ಉಸ್ತುವಾರಿಗೆ ತರುವ ಹೆಜ್ಜೆ ಇಟ್ಟಿತು. ಏಕೀಕರಣದ ನಂತರ, 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಹಿರಂಗ ಹರಾಜು, ಪರವಾನಗಿ ಪಡೆದ ತೂಕದವರು ಮತ್ತು ಕೊಳ್ಳುವವನಿಂದ ಮಾರುಕಟ್ಟೆ ಶುಲ್ಕದ ವಸೂಲಿ ಎಂಬ ಚೌಕಟ್ಟನ್ನು ರಾಜ್ಯಕ್ಕೆಲ್ಲ ಒಂದಾಗಿ ಕೊಟ್ಟಿತು. ರಾಯಚೂರಿನ ರಾಜೇಂದ್ರ ಗಂಜ್ ಈ ಚೌಕಟ್ಟಿನ ದೊಡ್ಡ ಪ್ರಾಂಗಣ. ಸುತ್ತಲಿನ ಊರುಗಳಲ್ಲಿ ಮಾರುಕಟ್ಟೆಗೆ ಗಂಜ್ ಎಂಬುದೇ ಹೆಸರು.

ವಲ್ಲಿಯನ್ನು ತೆಗೆಸಿದ್ದು ಸಣ್ಣ ಸಾಧನೆಯಲ್ಲ. ಆದರೂ ಕಾಯ್ದೆಯು ಹರಾಜು ಕಟ್ಟೆಯನ್ನು ಶುಚಿಗೊಳಿಸಿತೇ ಹೊರತು ರೈತ ಆ ಕಟ್ಟೆಗೆ ಬರುವ ದಾರಿಯನ್ನು ಮುಟ್ಟಲಿಲ್ಲ. ಅಡತಿ ಅಂಗಡಿ ಎಂದರೆ ರೈತನ ಪರವಾಗಿ ಮಾಲು ಇಳಿಸಿ, ಹರಾಜಿಗೆ ಇಟ್ಟು, ದಲ್ಲಾಲಿ ಪಡೆಯುವ ಮಳಿಗೆ. ಅದೇ ಅಂಗಡಿ ಜೂನ್‌ನಲ್ಲಿ ಬೀಜ, ಗೊಬ್ಬರ, ಎಣ್ಣೆ (ಕೀಟನಾಶಕಕ್ಕೆ ಇಲ್ಲಿನ ಹೆಸರು) ಮತ್ತು ಮದುವೆಯ ಖರ್ಚಿಗೂ ಉದ್ರಿ ಕೊಡುತ್ತದೆ. ಈ ಉದ್ರಿಯ ಋಣವಿರುವವನು ಬೇರೆ ಅಂಗಡಿಗೆ ಗಾಡಿ ತಿರುಗಿಸಲಾರ. ತೇವ, ಕಸ, ಚೀಲದ ತೂಕ ಎಂದು ಮುರಿದುಕೊಳ್ಳುವ ಸೂಟನ್ನು ಅವನು ಪ್ರಶ್ನಿಸಲಾರ. ಭತ್ತದ ದರವನ್ನು ಸರ್ಕಾರ ಕ್ವಿಂಟಲಿಗೆ ಘೋಷಿಸಿದರೂ ಮಾನ್ವಿ, ಸಿಂಧನೂರು ಕಡೆ ಇಂದಿಗೂ ಮಾತು ನಡೆಯುವುದು 75 ಕಿಲೋ ಚೀಲದ ಲೆಕ್ಕದಲ್ಲಿ.

ಆ ಭತ್ತ ಇಲ್ಲಿಗೆ ಬಂದ ಕತೆಯೇ ಹೊಲದ ಮಾರಾಟದ ಕತೆ. 1949ರಲ್ಲಿ ಜಾಗೀರುಗಳು ರದ್ದಾಗಿ, 1950ರ ಹೈದರಾಬಾದ್ ಗೇಣಿ ಕಾಯ್ದೆ ಉಳುವವನಿಗೆ ಕೆಲವು ರಕ್ಷಣೆಗಳನ್ನು ಕೊಟ್ಟ ಕೆಲವೇ ವರ್ಷಗಳಲ್ಲಿ, 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿತು. ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಮುಖ್ಯವಾಗಿ ಅರೆ ಖುಷ್ಕಿ ಬೆಳೆಗಳಿಗೆ, ಅಂದರೆ ಜೋಳ, ಹತ್ತಿಯಂಥ ಅಲ್ಪ ನೀರಿನ ಬೆಳೆಗಳಿಗೆ. ಬರದಿಂದ ಅನೇಕ ಹಳ್ಳಿಗಳನ್ನು ಕಾಯುವುದು ಉದ್ದೇಶವಾಗಿತ್ತು. ಆಗ ಕರಾವಳಿ ಆಂಧ್ರದ ಮುಖಜ ಪ್ರದೇಶಗಳ ರೈತರು ಅಲ್ಲಿನ ಒಂದು ಎಕರೆ ಮಾರಿದ ಹಣದಿಂದ ಇಲ್ಲಿ ಹಲವು ಎಕರೆ ಕೊಂಡು, ಕಾಲುವೆಯ ಬದಿಯಲ್ಲಿ ಕ್ಯಾಂಪುಗಳೆಂಬ ಹೊಸ ಊರುಗಳನ್ನು ಕಟ್ಟಿ, ಇಳಿಜಾರು ಹೊಲಗಳನ್ನು ಮಟ್ಟ ಮಾಡಿ ಗದ್ದೆ ಮಾಡಿದರು. ಅವರನ್ನು ಭೂಮಿ ಕಬಳಿಸಿದವರೆಂದು ಬಯ್ಯುವುದಾಗಲಿ, ಬಂಗಾರ ಬೆಳೆದವರೆಂದು ಹೊಗಳುವುದಾಗಲಿ ಅರ್ಧ ಸತ್ಯ. ಸ್ಥಳೀಯ ಒಡೆಯ ಮಾರಿದ್ದು ನೀರಾವರಿ ಬೇಡವೆಂದಲ್ಲ. ನೆಲ ಮಟ್ಟ ಮಾಡಲು, ಗೊಬ್ಬರ ಹಾಕಲು ಬೇಕಾದ ಬಂಡವಾಳ ಅವನಲ್ಲಿರಲಿಲ್ಲ, ಹಳೆಯ ಸಾಲ ಮಾತ್ರ ಇತ್ತು. ಖುಷ್ಕಿಯ ಬೆಲೆಗೆ ಹೊಲ ಬರೆದುಕೊಟ್ಟ ಮನೆಗಳವರು ಅದೇ ಹೊಲ ಗದ್ದೆಯಾದ ಮೇಲೆ ಅಲ್ಲಿಗೇ ಕೂಲಿಗೆ ಹೋದ ನೋವನ್ನು ಈ ಸೀಮೆ ಮರೆತಿಲ್ಲ.

ಮೇಲ್ಭಾಗದಲ್ಲಿ ಭತ್ತ ಹಬ್ಬಿದಷ್ಟೂ ಕೆಳಭಾಗದ ಮಾನ್ವಿ, ರಾಯಚೂರು ಹೊಲಗಳಿಗೆ ನೀರು ಕಡಿಮೆಯಾಯಿತು. ದಾಖಲೆಯಲ್ಲಿ ನೀರಾವರಿ ಎಂದೇ ಇರುವ ಎರಡು ಹೊಲಗಳ ಬೆಲೆ ತೂಬಿನಿಂದ ಇರುವ ದೂರದ ಮೇಲೆ ಬೇರೆ ಬೇರೆಯಾಗುವುದು ಇದರಿಂದಲೇ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ ತಡವಾಗಿ ಬಂತು. ಅದು ಮುಟ್ಟದ ಕಡೆ, ಗೂಗಲ್‌ನಂಥ ಕೃಷ್ಣಾ ತೀರದ ಊರುಗಳಲ್ಲಿ, ಪಂಪಿನಿಂದ ಎತ್ತುವ ಹೊಳೆನೀರೇ ಹೊಲದ ಯೋಗ್ಯತೆಯನ್ನು ಅಳೆಯುತ್ತದೆ.

ಹೊಲ ಮಾರಾಟದ ಕಾಗದಪತ್ರದಲ್ಲಿ ಆದ ಬದಲಾವಣೆ ಕಾಲುವೆಯ ನೀರಿಗಿಂತ ಚುರುಕಿನದು. ಸಂಚಕಾರ, ಅಂದರೆ ಮಾತು ಗಟ್ಟಿಮಾಡುವ ಮುಂಗಡ, ಕೊಡುವ ಮೊದಲು ಕೊಳ್ಳುವವನು ನೋಡುವುದು ಹೊಲದ ಹಕ್ಕುದಾಖಲೆಯಾದ ಪಹಣಿಯನ್ನು: 9ನೇ ಕಾಲಂನಲ್ಲಿ ಒಡೆಯನ ಹೆಸರು, 11ರಲ್ಲಿ ಬ್ಯಾಂಕಿನ ಸಾಲ ಮತ್ತಿತರ ಋಣಗಳು, 12ರಲ್ಲಿ ಸಾಗುವಳಿಯ ವಿವರ. 2000ದ ಆಸುಪಾಸಿನಲ್ಲಿ ಬಂದ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ಕೈಬರಹದ ಪುಸ್ತಕದ ಮೇಲಿದ್ದ ಗ್ರಾಮಲೆಕ್ಕಿಗರ ಹಿಡಿತವನ್ನು ಸಡಿಲಿಸಿತು. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ಕಾಲದಿಂದ ಇದ್ದ, ಕೃಷಿಕರಲ್ಲದವರು ಹೊಲ ಕೊಳ್ಳಬಾರದೆಂಬ ನಿರ್ಬಂಧ 2020ರ ತಿದ್ದುಪಡಿಯಿಂದ ಹೋಯಿತು. ಮಾರುವವನಿಗೆ ಇದರಿಂದ ಗಿರಾಕಿಗಳು ಹೆಚ್ಚಬಹುದು, ಪಕ್ಕದ ಎರಡು ಎಕರೆ ಕೊಳ್ಳಬೇಕೆಂದಿರುವ ಸಣ್ಣ ರೈತನಿಗೆ ಎದುರಾಳಿಗಳೂ ಹೆಚ್ಚುತ್ತಾರೆ.

1974ರ ಇನ್ನೊಂದು ನಿರ್ಬಂಧ, ಅಂದರೆ ಗೇಣಿಗೆ ಕೊಡಬಾರದೆಂಬುದು, ಕಾಯ್ದೆಯಲ್ಲಿ ಉಳಿದು ಹೊಲದಲ್ಲಿ ಉಳಿದಿಲ್ಲ. ಕಾಲುವೆ ಭಾಗದಲ್ಲಿ ಲೀಸಿನ ಸಾಗುವಳಿ ಬಾಯಿಮಾತಿನ ಮೇಲೆ ವ್ಯಾಪಕವಾಗಿ ನಡೆಯುತ್ತದೆ. 2014ರಿಂದ ಮಾರುಕಟ್ಟೆಗಳಲ್ಲಿ ಆನ್‌ಲೈನ್ ಟೆಂಡರ್ ಬಂದು ದೂರದ ಖರೀದಿದಾರನೂ ದರ ಬರೆಯುವಂತಾಗಿದ್ದರೂ, ಬೆಂಬಲ ಬೆಲೆಯ ಖರೀದಿ ಕೇಂದ್ರ ಕೇಳುವುದು ಪಹಣಿಯನ್ನು ಮತ್ತು ಫ್ರೂಟ್ಸ್ ಎಂಬ ಸರ್ಕಾರಿ ರೈತ ನೋಂದಣಿಯ ಸಂಖ್ಯೆಯನ್ನು; ಅವೆರಡೂ ಇರುವುದು ಒಡೆಯನ ಹೆಸರಿನಲ್ಲಿ. ಆದ್ದರಿಂದ ಲೀಸಿನ ರೈತ ಉದ್ರಿಯ ಅಂಗಡಿಗೇ ಚೀಲ ಇಳಿಸುತ್ತಾನೆ, ಇಲ್ಲವೇ ಒಡೆಯನ ಹೆಸರಿನಲ್ಲಿ ತೂಗಿಸಿ, ಅವನ ಖಾತೆಗೆ ಬಿದ್ದ ಹಣ ತನ್ನ ಕೈಗೆ ಬರುವ ದಿನಕ್ಕಾಗಿ ಕಾಯುತ್ತಾನೆ.