ಗಜನಿಯಿಂದ ಸಿಗಡಿ ಹೊಂಡದವರೆಗೆ: ಹಿತಕರ ಬ್ಯಾಕ್ಟೀರಿಯಗಳ ಚರಿತ್ರೆಯನ್ನು ಕುರಿತು ಕೆಲವು ವಿಚಾರಗಳು

ಜಲಕೃಷಿಯಲ್ಲಿ ಹಿತಕರ ಬ್ಯಾಕ್ಟೀರಿಯಗಳು ಬಳಕೆಗೆ ಬಂದ ಚರಿತ್ರೆಯನ್ನು ವಿಜ್ಞಾನದ ಗ್ರಂಥಗಳು ಸಾಮಾನ್ಯವಾಗಿ 1986ರಿಂದ ಆರಂಭಿಸುತ್ತವೆ. ಜಪಾನಿನ ಕೊಜಾಸಾ ಎಂಬವರು ಬ್ಯಾಸಿಲಸ್ ಪಂಗಡದ ಒಂದು ಬ್ಯಾಕ್ಟೀರಿಯದ ಬೀಜಾಣುಗಳನ್ನು ಸಾಕುಮೀನಿನ ಆಹಾರದಲ್ಲಿ ಬೆರೆಸಿ, ಅದರ ಬೆಳವಣಿಗೆ ಉತ್ತಮಗೊಂಡಿತೆಂದು ಆ ವರ್ಷ ತಿಳಿಸಿದರು. ಪ್ರಯೋಗಾಲಯದ ದೃಷ್ಟಿಯಿಂದ ಈ ಆರಂಭಬಿಂದುವಿಗೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ಕರಾವಳಿಯ ಚರಿತ್ರೆಯನ್ನು ಅಭ್ಯಾಸಮಾಡುವವರಿಗೆ ಇದು ಸಾಲದು. ಬ್ಯಾಕ್ಟೀರಿಯವನ್ನು ಹೊರಗಿನಿಂದ ತಂದು ನೀರಿಗೆ ಸುರಿಯಬೇಕಾದ ಅವಶ್ಯಕತೆ ಯಾವಾಗ ಉಂಟಾಯಿತು, ಅದಕ್ಕೆ ಮೊದಲು ಆ ಕೆಲಸ ಹೇಗೆ ನಡೆಯುತ್ತಿತ್ತು ಎಂಬ ಪ್ರಶ್ನೆಯೇ ನಮಗೆ ಮುಖ್ಯವಾದುದು. ಪ್ರಕೃತ ಲೇಖನದಲ್ಲಿ ಸಿಗಡಿ ಸಾಕಣೆಯೊಂದನ್ನೇ ಆಧಾರವಾಗಿಟ್ಟುಕೊಂಡು ಇದನ್ನು ಪರಿಶೀಲಿಸುತ್ತೇವೆ.

ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆಯ ಇಕ್ಕೆಲಗಳಲ್ಲಿ, ಮುಖ್ಯವಾಗಿ ಕುಮಟಾ ತಾಲ್ಲೂಕಿನಲ್ಲಿ, ಗಜನಿಗಳೆಂಬ ತಗ್ಗು ಭೂಮಿಗಳಿವೆ. ಸಮುದ್ರದ ಉಬ್ಬರ ಇಳಿತಗಳು ಇಲ್ಲಿಯವರೆಗೂ ಬರುತ್ತವೆ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದ ಬಳಿಕ ಉಪ್ಪನ್ನೂ ನೆರೆಯನ್ನೂ ಸಹಿಸಬಲ್ಲ ಕಗ್ಗವೆಂಬ ಎತ್ತರದ ಭತ್ತವನ್ನು ಅಲ್ಲಿ ಬೆಳೆಯುತ್ತಾರೆ. ಕೊಯ್ಲು ಮುಗಿದ ಮೇಲೆ ಒಡ್ಡಿನ ತೂಬನ್ನು ತೆರೆದರೆ ಉಬ್ಬರದ ನೀರೂ, ಅದರೊಡನೆ ಸಿಗಡಿ ಮೀನುಗಳ ಮರಿಗಳೂ ಒಳಬರುತ್ತವೆ. ಕೇರಳದ ಪೊಕ್ಕಾಳಿ ಗದ್ದೆಗಳಲ್ಲಿಯೂ ಇದೇ ಕ್ರಮವಿದೆ. ಅಲ್ಲಿ ತೆನೆಯನ್ನು ಮಾತ್ರ ಕೊಯ್ದು ಹುಲ್ಲನ್ನು ನೀರಿನಲ್ಲಿಯೇ ಬಿಡುತ್ತಾರೆ. ಹೀಗೆ ಉಳಿದ ಹುಲ್ಲು ಕೂಳೆಗಳು ಕೊಳೆಯುವುದೆಂದರೆ ಬ್ಯಾಕ್ಟೀರಿಯಗಳು ಅವುಗಳ ಮೇಲೆ ನೆಲಸಿ ಬೆಳೆಯುವುದೆಂದೇ ಅರ್ಥ. ಬ್ಯಾಕ್ಟೀರಿಯಗಳಿಂದ ಪುಷ್ಟವಾದ ಆ ಕಣಗಳನ್ನು ಅಣುಪ್ರಾಣಿಗಳು ತಿನ್ನುತ್ತವೆ, ಅವೆರಡನ್ನೂ ಸಿಗಡಿ ತಿನ್ನುತ್ತದೆ. ಸಾಕುವವನು ಬೇರೆ ಆಹಾರವನ್ನು ಹಾಕುವುದಿಲ್ಲ. ಮಲಿನ ನೀರನ್ನು ಇಳಿತವು ಹೊತ್ತೊಯ್ಯುತ್ತದೆ. ಮುಂದಿನ ಮಳೆಗಾಲದಲ್ಲಿ ನೆಲ ಮತ್ತೆ ಗದ್ದೆಯಾಗುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅವಶ್ಯ. ಗಜನಿಯ ರೈತನಿಗೆ ಸೂಕ್ಷ್ಮಜೀವಿಶಾಸ್ತ್ರ ಮೊದಲೇ ತಿಳಿದಿತ್ತೆಂದು ನಾವು ವಾದಿಸುವುದಿಲ್ಲ. ನಮ್ಮ ಪೂರ್ವಿಕರಿಗೆ ಎಲ್ಲವೂ ಗೊತ್ತಿತ್ತೆಂಬ ಧಾಟಿಯ ಬರಹಗಳು ಈಚೆಗೆ ಹೆಚ್ಚಾಗಿವೆ. ಅವುಗಳಿಂದ ಪೂರ್ವಿಕರ ಗೌರವವೂ ಹೆಚ್ಚದು, ಚರಿತ್ರೆಗೆ ಉಪಕಾರವೂ ಆಗದು. ರೈತನು ಕಾಪಾಡಿಕೊಂಡು ಬಂದದ್ದು ಒಂದು ಕಾಲಕ್ರಮವನ್ನು: ತೂಬನ್ನು ಯಾವ ತಿಂಗಳಲ್ಲಿ ತೆರೆಯಬೇಕು, ಯಾವಾಗ ಮುಚ್ಚಬೇಕು, ಏನನ್ನು ಗದ್ದೆಯಲ್ಲಿ ಬಿಡಬೇಕು ಎಂಬಿಷ್ಟನ್ನು. ಬ್ಯಾಕ್ಟೀರಿಯಗಳ ಕೆಲಸ ಈ ಕ್ರಮದ ಆಶ್ರಯದಲ್ಲಿ ನಡೆಯುತ್ತಿತ್ತು. ಇಳುವರಿಯೂ ಕಡಮೆಯೇ ಆಗಿತ್ತೆಂಬುದನ್ನು ಮರೆಯಬಾರದು.

ಈ ಕ್ರಮದಿಂದ ಸಿಗಡಿಯನ್ನು ಬೇರ್ಪಡಿಸಿದ್ದು ಇಪ್ಪತ್ತನೆಯ ಶತಮಾನದ ಸಾಧನೆ. 1930ರ ದಶಕದಲ್ಲಿ ಜಪಾನಿನ ಫುಜಿನಾಗಾ ಅವರು ಸಿಗಡಿಯು ಸೆರೆಯಲ್ಲಿಯೇ ಮೊಟ್ಟೆಯಿಟ್ಟು ಮರಿಯಾಗುವಂತೆ ಮಾಡಿದರು. 1968ರಲ್ಲಿ ತೈವಾನಿನಲ್ಲಿ ಲಿಯಾವೊ ಅವರು ಹುಲಿಸಿಗಡಿಯ ಮರಿಗಳನ್ನು ಪಡೆಯುವ ಕ್ರಮವನ್ನು ಸಾಧಿಸಿದರು. ಇನ್ನು ಮೇಲೆ ಮರಿಗಾಗಿ ಉಬ್ಬರವನ್ನು ಕಾಯಬೇಕಾಗಿರಲಿಲ್ಲ. ಹೊಂಡವನ್ನು ಬೇಕಾದಲ್ಲಿ ತೋಡಿ, ಮರಿಗಳನ್ನು ದಟ್ಟವಾಗಿ ಬಿಟ್ಟು, ಪ್ರೋಟೀನು ತುಂಬಿದ ಆಹಾರವನ್ನು ಹಾಕುವ ಪದ್ಧತಿ ಬೆಳೆಯಿತು. ಆದರೆ ಆಹಾರದಲ್ಲಿನ ಸಾರಜನಕದ ಸುಮಾರು ಕಾಲುಭಾಗ ಮಾತ್ರ ಸಿಗಡಿಯ ಮೈಗೆ ಸೇರುತ್ತದೆ. ಉಳಿದುದು ನೀರಿಗೂ ತಳದ ಕೆಸರಿಗೂ ಸೇರಿ ಅಮೋನಿಯವಾಗುತ್ತದೆ. ಅಮೋನಿಯವನ್ನು ನೈಟ್ರೈಟಾಗಿಯೂ ನೈಟ್ರೇಟಾಗಿಯೂ ಪರಿವರ್ತಿಸುವ ಬ್ಯಾಕ್ಟೀರಿಯಗಳುಂಟೆಂಬುದನ್ನು ವಿನೋಗ್ರಾಡ್‌ಸ್ಕಿ ಎಂಬ ರಷ್ಯನ್ ವಿಜ್ಞಾನಿ ಜೂರಿಚ್ಚಿನಲ್ಲಿ ಮಾಡಿದ ಶೋಧನೆಗಳಿಂದ 1890ರಲ್ಲಿಯೇ ತೋರಿಸಿಕೊಟ್ಟಿದ್ದನು. ಹೊಸ ಹೊಂಡಗಳಲ್ಲಿ ಅವು ಇಲ್ಲದೆ ಇರಲಿಲ್ಲ. ಹೊರೆ ಮಾತ್ರ ಅವುಗಳ ಶಕ್ತಿಯನ್ನು ಮೀರಿತ್ತು. ಕೊಳೆತ ಕೆಸರು ತಳದಲ್ಲಿ ಕಪ್ಪಾಗಿ, ಅದರಿಂದ ಗಂಧಕದ ವಿಷವಾಯು ಹೊರಟು, ಬಳಲಿದ ಸಿಗಡಿಗೆ ರೋಗಗಳು ಸುಲಭವಾಗಿ ತಗುಲಿದವು. 1987ರಲ್ಲಿ ಉನ್ನತಿಯ ಶಿಖರದಲ್ಲಿದ್ದ ತೈವಾನಿನ ಸಿಗಡಿ ಸಾಕಣೆ 1988ರಲ್ಲಿ ಕುಸಿದುಬಿದ್ದಿತು.

ಭಾರತದಲ್ಲಿ ಇದೇ ಕಥೆ ಕೆಲವೇ ವರ್ಷಗಳ ಅಂತರದಲ್ಲಿ ನಡೆಯಿತು. ರೋಗಕ್ಕೆ ಮೊದಲು ಹೂಡಿದ ಆಯುಧ ಪ್ರತಿಜೀವಕ ಔಷಧ. 1969ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಇಂದ್ರಾಣಿ ಕರುಣಾಸಾಗರ, ಇಡ್ಯ ಕರುಣಾಸಾಗರ ಮತ್ತು ಅವರ ಸಹೋದ್ಯೋಗಿಗಳು 1994ರಲ್ಲಿ ಪ್ರಕಟಿಸಿದ ಲೇಖನವನ್ನು ಈ ಸಂದರ್ಭದಲ್ಲಿ ಉಲ್ಲೇಖಿಸಲೇಬೇಕು. ಮರಿಕೇಂದ್ರದಲ್ಲಿ ಹುಲಿಸಿಗಡಿಯ ಮರಿಗಳು ರಾಶಿರಾಶಿಯಾಗಿ ಸತ್ತುದಕ್ಕೆ ಕಾರಣವಾದ ವಿಬ್ರಿಯೊ ಹಾರ್ವೆಯಿ ಎಂಬ, ಕತ್ತಲೆಯಲ್ಲಿ ಬೆಳಗುವ ಬ್ಯಾಕ್ಟೀರಿಯವು ಪ್ರತಿಜೀವಕಗಳಿಗೆ ಬಗ್ಗದಂತಹದಾಗಿತ್ತು. ಔಷಧವು ಕ್ಷೀಣ ಜೀವಿಗಳನ್ನು ಕೊಂದು ಗಟ್ಟಿಯಾದ ಶತ್ರುವಿಗೆ ಸ್ಥಳವನ್ನು ತೆರವು ಮಾಡಿಕೊಡುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. 2002ರಲ್ಲಿ ಭಾರತ ಸರ್ಕಾರವು ಜಲಕೃಷಿಯಲ್ಲಿ ಹಲವು ಪ್ರತಿಜೀವಕಗಳ ಬಳಕೆಯನ್ನು ನಿಷೇಧಿಸಿತು. ಯೂರೋಪಿನ ಕೊಳ್ಳುಗರು ಆಮದಾದ ಸಿಗಡಿಯಲ್ಲಿ ಔಷಧದ ಶೇಷವನ್ನು ಪತ್ತೆಮಾಡಿ ತಿರಸ್ಕರಿಸುತ್ತಿದ್ದ ಕಾಲವದು; ಪರಿಸರದ ಕಾಳಜಿಗಿಂತ ವಾಣಿಜ್ಯದ ಭೀತಿಯೇ ಇದಕ್ಕೆ ಬಲವಾದ ಪ್ರೇರಣೆಯಾಗಿರಬೇಕೆಂದು ನಾವು ಊಹಿಸುತ್ತೇವೆ.

ಇದರ ನಡುವೆ 1994-95ರಲ್ಲಿ ಬಿಳಿಚುಕ್ಕೆ ರೋಗವು ನಮ್ಮ ಕರಾವಳಿಯ ಹೊಂಡಗಳನ್ನು ಧ್ವಂಸಮಾಡಿತು. 1996ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು, ಸರ್ವೋದಯ ನಾಯಕರಾದ ಜಗನ್ನಾಥನ್ ಅವರ ಮನವಿಯ ಮೇಲೆ, ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಹೊಂಡಗಳನ್ನು ತೆಗೆದುಹಾಕಬೇಕೆಂದು ಆಜ್ಞಾಪಿಸಿತು. ಸಾಂಪ್ರದಾಯಿಕ ಪದ್ಧತಿಗೂ ಅದರ ಸುಧಾರಿತ ರೂಪಕ್ಕೂ ವಿನಾಯಿತಿ ದೊರೆಯಿತು. 2005ರ ಕಾಯಿದೆಯಿಂದ ಜಲಕೃಷಿಗೆ ಮತ್ತೆ ಅವಕಾಶವಾಯಿತಾದರೂ, ಎರಡು ಪದ್ಧತಿಗಳ ನಡುವಣ ಈ ಭೇದವನ್ನು ನ್ಯಾಯಾಲಯವು ಗುರುತಿಸಿದ್ದು ಗಮನಾರ್ಹ.

ಔಷಧವು ಹಿಂದೆ ಸರಿದ ಸ್ಥಳಕ್ಕೆ ಪೊಟ್ಟಣದ ಬ್ಯಾಕ್ಟೀರಿಯ ಬಂದಿತು. ಇದರ ಪರವಾದ ಪ್ರಸಿದ್ಧ ಪ್ರಮಾಣವೆಂದರೆ ಮೊರಿಯಾರ್ಟಿ ಅವರು ಇಂಡೊನೇಷ್ಯದ ಹೊಂಡಗಳನ್ನು ಕುರಿತು 1998ರಲ್ಲಿ ಪ್ರಕಟಿಸಿದ ವರದಿ. ಬ್ಯಾಸಿಲಸ್ಸನ್ನು ಬಳಸದ ಕಡೆ 80 ದಿನಗಳೊಳಗೆ ವಿಬ್ರಿಯೊ ರೋಗದಿಂದ ಸಿಗಡಿ ನಾಶವಾಯಿತು. ಬಳಸಿದ ಕಡೆ 160 ದಿನಗಳಿಗೂ ಮೀರಿ ಸಾಕಣೆ ನಡೆಯಿತು. ಫಲಿತಾಂಶವೇನೋ ಬೆರಗುಗೊಳಿಸುವಂತಹದು. ಆದರೆ ಇದು ಬೇರೆ ಬೇರೆ ತೋಟಗಳ ನಡುವಣ ಹೋಲಿಕೆಯೆಂಬುದನ್ನು ವಿದ್ಯಾರ್ಥಿಗಳು ಲಕ್ಷ್ಯದಲ್ಲಿಡಬೇಕು. ತೋಟ ಬದಲಾದಾಗ ನೀರು, ನೆಲ, ಯಜಮಾನ ಎಲ್ಲವೂ ಬದಲಾಗುತ್ತವೆ. ಮತ್ತೊಂದು ತೊಡಕು ಇನ್ನೂ ಮುಖ್ಯವಾದುದು. ಬಿಳಿಚುಕ್ಕೆ ರೋಗಕ್ಕೆ ಕಾರಣ ವೈರಸ್ಸು. ಬ್ಯಾಸಿಲಸ್ಸು ತಳದ ಕೊಳೆಯನ್ನು ಕರಗಿಸಬಹುದು, ವಿಬ್ರಿಯೊಗಳೊಡನೆ ಸ್ಥಳಕ್ಕಾಗಿ ಸೆಣಸಬಹುದು. ಒಳಹೊಕ್ಕ ವೈರಸ್ಸಿಗೆ ಅದು ಮದ್ದಲ್ಲ. ಭಯಪಡಿಸಿದ ರೋಗ ಒಂದು, ಭಯದಿಂದ ಕೊಂಡ ಪರಿಹಾರ ಮತ್ತೊಂದಕ್ಕೆ ಸಂಬಂಧಿಸಿದುದು. ಈ ವ್ಯತ್ಯಾಸವನ್ನು ಮಾರಾಟದ ಭಾಷೆ ಮರೆಸಿಬಿಟ್ಟಿದೆ.

ಹಿತಕರ, ಅಹಿತಕರ ಎಂಬ ವಿಂಗಡಣೆಯೂ ತೋರುವಷ್ಟು ಸರಳವಲ್ಲ. ಈಕ್ವೆಡಾರಿನ ಮರಿಕೇಂದ್ರಗಳು 1990ರ ದಶಕದಲ್ಲಿ ವಿಬ್ರಿಯೊ ಆಲ್ಜಿನೊಲಿಟಿಕಸ್ ಎಂಬುದನ್ನು ರಕ್ಷಕನಾಗಿ ಬಳಸಿದವು. 2013ರಲ್ಲಿ ಏಷ್ಯದ ಹೊಸ ಸಿಗಡಿ ಮಾರಿಗೆ ಕಾರಣವೆಂದು ಲೈಟ್ನರ್ ಅವರ ತಂಡವು ಅದೇ ಕುಲದ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ಸನ್ನು ಗುರುತಿಸಿತು. 2000ದಲ್ಲಿ ಬೆಲ್ಜಿಯಮಿನ ಗೆಂಟ್ ವಿಶ್ವವಿದ್ಯಾನಿಲಯದ ವಿದ್ವಾಂಸರು, ಪ್ರಾಣಿಯ ಕರುಳಿಗೆ ಸೀಮಿತವಾಗಿದ್ದ ಹಳೆಯ ಲಕ್ಷಣವನ್ನು ವಿಸ್ತರಿಸಿ, ಸುತ್ತಲಿನ ನೀರಿನ ಜೀವಿಸಮೂಹವನ್ನೂ ಅದರಲ್ಲಿ ಸೇರಿಸಿದರು. ಇದಕ್ಕೆ ಒಂದು ವರ್ಷ ಮೊದಲು, ಇಸ್ರೇಲಿನ ಅವ್ನಿಮೆಲೆಕ್ ಅವರು ಇಂಗಾಲಯುಕ್ತ ಪಿಷ್ಟವನ್ನು ನೀರಿಗೆ ಸೇರಿಸಿದರೆ ಅಲ್ಲಿಯೇ ಇರುವ ಬ್ಯಾಕ್ಟೀರಿಯಗಳು ಅಮೋನಿಯವನ್ನು ಹೀರಿ ತಾವೇ ಮೀನಿನ ಆಹಾರವಾಗುವುವೆಂದು ತೋರಿಸಿದ್ದರು. ಭತ್ತದ ಹುಲ್ಲಿನಲ್ಲಿಯೂ ಇಂಗಾಲ ಹೆಚ್ಚು, ಸಾರಜನಕ ಕಡಮೆ. ವೇಗದಲ್ಲಿ ಭೇದವಿದ್ದರೂ ತತ್ತ್ವ ಒಂದೇ ಎಂಬುದು ನಮ್ಮ ಅಭಿಪ್ರಾಯ.

ಗಜನಿಯ ಕ್ರಮವೂ ಅಖಂಡವಾಗಿ ಉಳಿದಿಲ್ಲ. 1970ರ ದಶಕದಲ್ಲಿ ಸರ್ಕಾರವು ಕಟ್ಟಿಸಿದ ಕಾಯಂ ಒಡ್ಡುಗಳಿಂದ ನೀರಿನ ಸಂಚಾರ ಬದಲಾಯಿತು. ಅನಂತರ ಅನೇಕರು ಕಗ್ಗವನ್ನು ಬಿಟ್ಟು ಸಿಗಡಿಯೊಂದನ್ನೇ ನೆಚ್ಚಿದರು, ಬಿಳಿಚುಕ್ಕೆ ಅವರನ್ನೂ ಬಿಡಲಿಲ್ಲ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯು ರಾಮ್ಸಾರ್ ಪಟ್ಟಿಗೆ ಸೇರಿತು. ಅದರ ರಕ್ಷಣೆಗಾಗಿ ಹಕ್ಕಿ, ಚಿಪ್ಪು, ಕಾಂಡ್ಲಾ ಗಿಡಗಳನ್ನು ದಾಖಲೆಮಾಡುವವರು, ತೂಬುಗಳನ್ನು ತೆರೆದು ಮುಚ್ಚುವ ತಿಂಗಳುಗಳನ್ನೂ ಹಿರಿಯ ರೈತರಿಂದ ಕೇಳಿ ಬರೆದಿಡಬೇಕಾಗಿದೆ.